ನರಿಯ ಗಲ್ಲದ ಮಚ್ಚೆ

ಹೊಳೆದಂಡೆಯ ಆಶ್ರಮದಲ್ಲಿ ಮಕ್ಕಳಿಗೆ ಪಾಠವೂ ನಡೆಯುತ್ತಿತ್ತು. ಅಲ್ಲೊಂದು ಹಳೇ ಕಥೆಪುಸ್ತಕ. ಹುಳ ತಿಂದು ತಿಂದು ಅದರ ಸಿಂಹಕ್ಕೆ ಬಾಲ ಉಳಿದಿರಲಿಲ್ಲ, ಕಾಗೆಗೆ ಕೊಕ್ಕು ಉಳಿದಿರಲಿಲ್ಲ.

ಆ ಚಿತ್ರಗಳನ್ನೆಲ್ಲ ಪಾಠದ ಕೋಣೆಯ ಗೋಡೆಗೆ ಬರೆಯೆಂದು ಗುರುಗಳು ಶಿಷ್ಯ ಕೊಟ್ರೇಶನಿಗೆ ಹೇಳಿದರು. ಕಣ್ಣು ಮಾತ್ರ ಕೊನೆಗೆ, ಅದೂ ಗುರುಗಳೇ ಬರೆಯುವುದು. ಅವರು ಕಣ್ಣು ಬರೆದರೆ ಶಿಷ್ಯನ ಕೈ ಪಳಗಿತೆಂದು ಲೆಕ್ಕ.

ಕೊಟ್ರೇಶನ ಕೈ ಚುರುಕು. ಕಿವಿ ಅದಕ್ಕಿಂತ ಚುರುಕು. ಆಶ್ರಮಕ್ಕೆ ಹಾಲು ತರುವ ನಿಂಬವ್ವ ಅದಕ್ಕೆ ಹೊಳೆನೀರು ಬೆರೆಸುತ್ತಾಳಂತೆ, ಅಂಬಿಗನ ಗುಡಿಸಲ ಮುಂದೆ ಅವಳ ಚಪ್ಪಲಿ ಕಂಡಿತ್ತಂತೆ ಎಂದೆಲ್ಲ ಬಾವಿಕಟ್ಟೆಯಲ್ಲಿ ಕೇಳಿದ್ದ. ಕಂಡವರು ಯಾರೋ, ಅದು ಮಾತ್ರ ಯಾರಿಗೂ ಗೊತ್ತಿಲ್ಲ.

ಕೇಳಿದ್ದು ಅವನ ಹೊಟ್ಟೆಯಲ್ಲಿ ನಿಲ್ಲಲಿಲ್ಲ, ಕುಂಚಕ್ಕಿಳಿಯಿತು. ಗೋಡೆಗೆ ಬರೆದ ನರಿಯ ಗಲ್ಲದ ಮೇಲೆ ನಿಂಬವ್ವನ ಗಲ್ಲದ ಮಚ್ಚೆ ಬಂದು ಕೂತಿತು.

ಮಕ್ಕಳಿಗೆ ಅಷ್ಟು ಸಾಕಾಯಿತು. ಮರುದಿನ ನಿಂಬವ್ವ ಹಾಲು ತಂದರೆ, "ನರಿ ಬಂತು, ನರಿ ಬಂತು!"

ಅವಳು ತಂಬಿಗೆ ಅಲ್ಲೇ ಇಟ್ಟು ಹೋದಳು. ಮೂರು ದಿನ ಬರಲಿಲ್ಲ. ಪಾಠಕ್ಕೆ ಬರುತ್ತಿದ್ದ ಅವಳ ಮೊಮ್ಮಗಳೂ ಬರಲಿಲ್ಲ.

ಗುರುಗಳು ಗೋಡೆಯ ಮುಂದೆ ನಿಂತರು. ಸಿಂಹಕ್ಕೆ ಕಣ್ಣು ಬರೆದರು, ಕಾಗೆಗೆ ಬರೆದರು. ನರಿಯ ಹತ್ತಿರ ಕೈ ನಿಂತಿತು.

"ಪುಸ್ತಕದ ನರಿಗೆ ಮಚ್ಚೆ ಇತ್ತೇನೋ?"

"ಇಲ್ಲ ಗುರುಗಳೇ. ನರಿ ಅಂದರೆ ಕಪಟ. ಮಕ್ಕಳಿಗೆ ಬೇಗ ತಿಳಿಯಲಿ ಅಂತ..."

"ಅವಳು ನೀರು ಬೆರೆಸಿದ್ದನ್ನು ಕಂಡೆಯಾ?"

"ಊರೆಲ್ಲ ಹೇಳುತ್ತೆ."

"ಕುಡಿದವನು ನೀನಲ್ಲವೇ? ಹಾಲು ಹೇಗಿತ್ತು?"

ಕೊಟ್ರೇಶ ತಲೆ ತಗ್ಗಿಸಿದ. "ಗಟ್ಟಿಯಾಗಿತ್ತು."

ಗುರುಗಳು ಕುಂಚವನ್ನು ಅವನ ಕೈಗಿಟ್ಟರು. "ಈ ಕಣ್ಣು ನೀನೇ ಬರಿ. ಮಚ್ಚೆ ಅವಳದಾದ ಮೇಲೆ ಕಣ್ಣೂ ಅವಳದೇ ಇರಲಿ. ಹೋಗಿ ನೋಡಿಕೊಂಡು ಬಾ."

ನಿಂಬವ್ವ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದಳು. ಇವನನ್ನು ಕಂಡು ಮೊಮ್ಮಗಳು ಅಜ್ಜಿಯ ಸೆರಗಿನ ಹಿಂದೆ ಅಡಗಿದಳು.

"ಬಾ ತಮ್ಮಾ. ಬರೆಯೋಕೆ ಇನ್ನೇನು ಬಾಕಿ ಉಳಿದಿದೆ, ಬಾಲವೋ?" ಎಂದಳು ನಿಂಬವ್ವ. ಕೈ ತೊಳೆದು ಒಳಗೆ ಹೋಗಿ, ಒಂದು ಲೋಟ ಮಜ್ಜಿಗೆ ತಂದು ಅವನ ಮುಂದಿಟ್ಟಳು. "ಬಿಸಿಲಲ್ಲಿ ಬಂದಿದ್ದೀ. ಕುಡಿ."

ಕೊಟ್ರೇಶ ಮಜ್ಜಿಗೆಯನ್ನೇ ನೋಡುತ್ತ ನಿಂತ. ಮುಖ ಎತ್ತಲಾಗಲಿಲ್ಲ.

ಆಶ್ರಮಕ್ಕೆ ಓಡಿ ಬಂದವನೇ ಸುಣ್ಣ ಕಲಸಿ ನರಿಯ ಮುಖಕ್ಕೆಲ್ಲ ಬಳಿದ. ಒಣಗುವ ಮೊದಲೇ ಇನ್ನೊಂದು ಸಲ ಬಳಿದ.

"ಅಳಿಸಿಬಿಟ್ಟೆ ಗುರುಗಳೇ. ಇನ್ನು ಅವಳು ಬರಬಹುದು."

ಹೊರಗೆ ಜಗಲಿಯಲ್ಲಿ ಮಕ್ಕಳು ನರಿ-ಕೋಳಿ ಆಟ ಆಡುತ್ತಿದ್ದರು. "ನಾನು ನಿಂಬವ್ವ, ನೀನು ಕೋಳಿ. ಓಡು!"

ಗುರುಗಳು ಜಗಲಿಯ ಕಡೆ ತಿರುಗಿದರು.

"ಗೋಡೆಗೆ ಸುಣ್ಣ ಸಾಕು ಕೊಟ್ರೇಶಾ," ಎಂದರು. "ಆ ಮಕ್ಕಳ ಕಣ್ಣಿಗೆ ಏನು ಬಳಿಯುತ್ತೀ?"