ಕೆಂಪು ಮುಚ್ಚಳದೊಳಗಿನ ಮರಳು

ತನ್ನ ಹಳೆಯ ಕಾರಿನ ಎಂಜಿನ್ ಮುಚ್ಚಳವನ್ನು ವರದಪ್ಪ ಬಿಚ್ಚಿ, ಗಾಳಿಯ ರಭಸದಲ್ಲಿ ಮರಳು ಹೊಡೆಸಿ ತುಕ್ಕು ತೆಗೆಸಿ, ಕೆಂಪು ಬಣ್ಣ ಬಳಿಸಿ ತಂದ. ಮುಚ್ಚಳದ ಒಳತಗಡಿನ ಹಿಂದೆ ಸಿಕ್ಕಿಕೊಂಡ ಮರಳನ್ನು ಯಾರೂ ತೊಳೆಯಲಿಲ್ಲ.

ಮುಚ್ಚಳ ಮರಳಿ ತನ್ನ ಜಾಗಕ್ಕೆ ಇಳಿಯುವಾಗ, ಕೆಳಗೆ ಎಣ್ಣೆಯಲ್ಲಿ ನೆನೆದು ವಾಲ್ವ್ ಒತ್ತುವ ರಾಕರ್ ಎಂಬ ಪುಟ್ಟ ಲೋಹದ ತೋಳು ಕೇಳಿತು: "ಅಕ್ಕಾ, ನಿನ್ನೊಳಗೆ ಏನೋ ಗರಗರ ಅನ್ನುತ್ತಿದೆಯಲ್ಲ?"

"ಒಂದಿಷ್ಟು ಮರಳು. ಅದಕ್ಕೇನೀಗ?"

"ಅದು ಎಣ್ಣೆಗೆ ಬಿದ್ದರೆ ನಮ್ಮನ್ನೆಲ್ಲ ಅರೆದುಬಿಡುತ್ತದೆ. ಒಮ್ಮೆ ವರದಪ್ಪನ ಕೈಯಿಂದ ಜಾರಿ ಬೀಳು. ಅವನು ಎತ್ತಿ ನೋಡಿ ತೊಳೆಯುತ್ತಾನೆ."

"ಬಿದ್ದರೆ ಬಣ್ಣ ಎದ್ದುಹೋಗುತ್ತದೆ. ಸದಾ ಎಣ್ಣೆಯಲ್ಲಿ ಬಿದ್ದಿರುವ ನಿನಗೆ ಅದೆಲ್ಲಿ ತಿಳಿಯಬೇಕು!" ಎಂದು ಮುಚ್ಚಳ ಗಟ್ಟಿಯಾಗಿ ಕುಳಿತಿತು. ವರದಪ್ಪ ಬೋಲ್ಟ್ ಬಿಗಿದ.

ಹಳೆಯ ಕಾರುಗಳ ಪ್ರದರ್ಶನದಲ್ಲಿ ಬಾನೆಟ್ ಎತ್ತಿದಾಗ ಜನ ಮುತ್ತಿಕೊಂಡರು. "ಏನು ಹೊಳಪು ಸ್ವಾಮಿ!" ಎಂದರು. ಹಿಂದಿರುಗುವ ದಾರಿಯಲ್ಲಿ ಸ್ವಲ್ಪ ಮರಳು ಕಳಚಿ ಎಣ್ಣೆಗೆ ಬಿತ್ತು. ರಾಕರ್ ಟಕಟಕ ಎಂದು ಕೂಗಿಕೊಂಡಿತು.

"ಹಳೇ ಗಾಡಿ, ಗೊಣಗುತ್ತೆ," ಎಂದು ವರದಪ್ಪ ಆಕ್ಸಿಲರೇಟರ್ ಒತ್ತಿದ. ಏರಿನಲ್ಲಿ ಎಂಜಿನ್ ಒಳಗೇ ಕಚ್ಚಿಕೊಂಡು ಸೀಜ್ ಆಗಿ ಗಾಡಿ ನಿಂತಿತು.

ರಾಕರ್ ಸಮೇತ ಎಂಜಿನ್ ಗುಜರಿಗೆ ಹೋಯಿತು. ಮುಚ್ಚಳವನ್ನು ಮಾತ್ರ ವರದಪ್ಪ ಉಳಿಸಿಕೊಂಡ. "ಇದಕ್ಕೇನೂ ಆಗಿಲ್ಲ, ಪುಣ್ಯ," ಎನ್ನುತ್ತ ಮೆತ್ತನೆಯ ಬಟ್ಟೆಯಿಂದ ಹೊರಮೈ ಒರೆಸಿ, ಕೊಂಡುತಂದ ಬೇರೊಂದು ಎಂಜಿನ್ನಿನ ಮೇಲೆ ಇಳಿಸತೊಡಗಿದ.

ಕೆಳಗಿನಿಂದ ಹೊಸ ರಾಕರ್ ಕೇಳಿತು: "ಅಕ್ಕಾ, ನಿನ್ನೊಳಗೆ ಏನೋ ಗರಗರ ಅನ್ನುತ್ತಿದೆಯಲ್ಲ?"