ಜಗಲಿಯ ಮೇಲಿನ ಕಣ್ಣು

"ಬುದ್ಧಿ, ಫೋನಿನಲ್ಲೇ ಬಾಗಿಲು ನೋಡುವ ಕ್ಯಾಮೆರಾ ಈಗ ಬಡವರ ಮನೆಗೂ ಬಂದಿದೆ. ಪಕ್ಕದ ಮಠದವರೂ ಹಾಕಿಸಿದರು. ಜನ ಯಾಕೆ ಇದನ್ನು ಕೊಳ್ಳುತ್ತಾರೆ? ನಮಗೂ ಒಂದು ಬೇಡವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳಿದರು.

ಒಂದು ಬೀದಿಯಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಅವನ ಹೆಂಡತಿಗೆ ಮರೆವಿನ ಕಾಯಿಲೆ ಬಂತು. ಒಲೆ ಹಚ್ಚಿದ್ದು ಮರೆತಳು. ಮಗಳ ಹೆಸರು ಮರೆತಳು. ಯಾರ ಹತ್ತಿರವಾದರೂ ಹೇಳಿಕೊಳ್ಳಲು ಅವನಿಗೆ ನಾಚಿಕೆ. ಅವಳು ಜಗಲಿಯ ಮೇಲೆ ಕೂತಿರುತ್ತಿದ್ದಳು. ಅಂಗಡಿಯಿಂದಲೇ ನೋಡಿಕೊಳ್ಳಬಹುದೆಂದು ಅವನು ಅಲ್ಲಿ ಒಂದು ಕ್ಯಾಮೆರಾ ಹಾಕಿಸಿದ.

ಎದುರು ಮನೆಯವನು ದರ್ಜಿ. ಅವನ ಹೆಂಡತಿ ಮಧ್ಯಾಹ್ನ ಮಜ್ಜಿಗೆ ತಂದುಕೊಟ್ಟು, ವ್ಯಾಪಾರಿಯ ಹೆಂಡತಿಯ ಜೊತೆ ಕೂತು ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದಳು. ಆಕೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದರೆ ತಮಾಷೆ ಮಾಡುತ್ತಿದ್ದಾಳೆಂದು ಇವಳು ನಗುತ್ತಿದ್ದಳು. ಕ್ಯಾಮೆರಾ ನೋಡಿ ದರ್ಜಿ ಹೆಂಡತಿಗೆ ಹೇಳಿದ.

"ಅವನು ನಮ್ಮ ಮೇಲೆ ಕಣ್ಣಿಟ್ಟಿದ್ದಾನೆ ಕಣೇ. ನೀನು ಹಾಕಿಕೊಳ್ಳುವ ಅಡಿಕೆ ಎಣಿಸುತ್ತಾನೋ ಏನೋ. ಇನ್ನು ಆ ಜಗಲಿ ಹತ್ತಬೇಡ."

ದರ್ಜಿಯೂ ಒಂದು ಕ್ಯಾಮೆರಾ ತಂದು ವ್ಯಾಪಾರಿಯ ಮನೆಯ ಕಡೆಗೆ ತಿರುಗಿಸಿ ಹಾಕಿಸಿದ. ಅದನ್ನು ನೋಡಿ ಪಕ್ಕದ ಮನೆಯವನಿಗೆ ಅನುಮಾನ. ಅವನನ್ನು ನೋಡಿ ಅವನ ಪಕ್ಕದವನಿಗೆ. ಹೀಗೆ ಬೀದಿಯ ಕೊನೆಯವರೆಗೂ ಹೋಯಿತು. ಯಾಕೆ ಹಾಕಿಸಿದೆ ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಬಾಗಿಲುಗಳು ಮುಚ್ಚಿಕೊಂಡವು.

ಒಂದು ಮಧ್ಯಾಹ್ನ ವ್ಯಾಪಾರಿಯ ಹೆಂಡತಿ ಜಗಲಿ ಇಳಿದಳು. ದಾರಿ ಮರೆತಳು. ಒಂದೊಂದು ಬಾಗಿಲಿಗೂ ಹೋಗಿ ನಿಂತು ಏನೋ ಕೇಳಿದಳು. ಒಳಗಿದ್ದವರು ಫೋನಿನಲ್ಲಿ ಅವಳ ಬಾಯಿ ಆಡುವುದನ್ನು ನೋಡಿದರು. ಏನೋ ತಿಳಿದುಕೊಂಡು ಬಾ ಎಂದು ಗಂಡನೇ ಕಳಿಸಿರಬೇಕು ಎಂದುಕೊಂಡರು. ಯಾರೂ ಬಾಗಿಲು ತೆಗೆಯಲಿಲ್ಲ.

ವ್ಯಾಪಾರಿ ಗಿರಾಕಿಗೆ ಬೆಲ್ಲ ತೂಗಿ ಕೊಟ್ಟು ಫೋನ್ ನೋಡಿದ. ಜಗಲಿ ಖಾಲಿ. ಓಡಿ ಬಂದು ಬಾಗಿಲು ಬಾಗಿಲು ಬಡಿದ. ಎಲ್ಲರೂ ಫೋನ್ ತೆಗೆದು ತೋರಿಸಿದರು. ಎಲ್ಲರ ಫೋನಿನಲ್ಲೂ ಅವಳಿದ್ದಳು. ಬೀದಿಯಲ್ಲಿ ಇರಲಿಲ್ಲ.

ಕೆರೆಯಲ್ಲಿ ಸಿಕ್ಕಳು.

ಮಣ್ಣು ಮಾಡಿ ಬಂದ ಮೇಲೆ ದರ್ಜಿಯ ಹೆಂಡತಿ ಕೇಳಿದಳು. "ಅಣ್ಣಾ, ಅಕ್ಕ ನಮ್ಮ ಬಾಗಿಲಲ್ಲಿ ನಿಂತು ಏನು ಕೇಳುತ್ತಿದ್ದರು?"

"ನಮ್ಮನೆ ಯಾವುದು ಅಂತ ಕೇಳಿರುತ್ತಾಳಮ್ಮ" ಎಂದ ವ್ಯಾಪಾರಿ. "ದಿನಾ ನನ್ನನ್ನೂ ಅದನ್ನೇ ಕೇಳುತ್ತಿದ್ದಳು."

ಗುರುಗಳು ನಿಲ್ಲಿಸಿದರು. ಶಿಷ್ಯ ತಲೆ ಎತ್ತಿ ಮಠದ ಬಾಗಿಲ ಕಡೆ ನೋಡಿದ.

"ವ್ಯಾಪಾರಿ ಹೆಂಡತಿಗೋಸ್ಕರ ಹಾಕಿಸಿದ, ಬೀದಿಯವರು ಒಬ್ಬರನ್ನು ನೋಡಿ ಒಬ್ಬರು ಹಾಕಿಸಿದರು, ನೀನು ಯಾರಿಗೋಸ್ಕರ ಕೇಳುತ್ತಿದ್ದೀಯ ಮಗಾ?"