ಪಟಾಲಪ್ಪನ ಕೆರೆ

ಬೆಂಗಳೂರಿನ ಪೂರ್ವಕ್ಕೆ, ಗಾಜಿನ ಆಫೀಸು ಕಟ್ಟಡಗಳು ಒತ್ತೊತ್ತಾಗಿ ನಿಂತಿರುವ ಕಡೆ, ಚಚ್ಚೌಕವಾದ ಒಂದು ಕೆರೆಯಿದೆ. ಏರಿಯಿಲ್ಲ, ತೂಬಿಲ್ಲ, ಕೋಡಿಯಿಲ್ಲ. ದಡವು ಗೋಡೆಯಂತೆ ನೆಟ್ಟಗೆ ಇಳಿಯುತ್ತದೆ. ನಡುನೀರಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಎದ್ದು ನಿಂತಿವೆ, ಅವುಗಳ ಮೇಲೆ ನೀರುಕಾಗೆಗಳು ಕೂತು ರೆಕ್ಕೆ ಒಣಗಿಸುತ್ತವೆ. ಪಟಾಲಪ್ಪನೆಂಬ ಪುಣ್ಯಾತ್ಮ ಊರಿಗೆ ಕೊಟ್ಟ ಕೆರೆಯಿದು ಎನ್ನುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಕೆರೆಯೂ ಇರಲಿಲ್ಲ, ಗಾಜೂ ಇರಲಿಲ್ಲ. ಪಟಾಲಪ್ಪನ ಇಡ್ಲಿ ಹೋಟೆಲಿತ್ತು. ಮೂವತ್ತು ಮಹಡಿಯ ಆಫೀಸು ಕಟ್ಟುತ್ತೇವೆಂದು ಬಂದ ಕಂಪನಿಗೆ ಅವನು ಆ ಜಾಗ ಬಿಟ್ಟುಕೊಟ್ಟ. ಬದಲಿಗೆ ಕೇಳಿದ್ದು ಒಂದೇ, ನೆಲಮಹಡಿಯ ಕ್ಯಾಂಟೀನು. ಸಾವಿರಾರು ನೌಕರರಿಗೆ ಇಡ್ಲಿ ಬೇಯಿಸುವ ಆಸೆ ಅವನದು. ಭೂಮಿಪೂಜೆಯಾಯಿತು, ಮೂರು ಅಂತಸ್ತಿನ ಆಳಕ್ಕೆ ಪಾಯ ತೋಡಿದರು, ಕಂಬಗಳಿಗೆ ಸರಳು ನಿಲ್ಲಿಸಿದರು. ಅಷ್ಟರಲ್ಲಿ ಎಲ್ಲೋ ಹೊರದೇಶದಲ್ಲಿ ಬ್ಯಾಂಕುಗಳು ಮುಳುಗಿದವಂತೆ. ಮಹಡಿಗಳನ್ನು ಬಾಡಿಗೆಗೆ ಹಿಡಿದವರು ಹಿಂದೆ ಸರಿದರು, ಬಂಡವಾಳ ಹಾಕುವವರು ಕೈಯೆತ್ತಿದರು. ಆರು ತಿಂಗಳಲ್ಲಿ ಬರುತ್ತೇವೆ, ಅಲ್ಲಿಯವರೆಗೆ ಪಾಯದಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ ಎಂದು ಎಂಜಿನಿಯರು ಒಂದು ಪಂಪು ಒಪ್ಪಿಸಿ ಹೋದ.

ಆ ಮಾತನ್ನು ಪಟಾಲಪ್ಪ ನಂಬಿದ. ಅಡಿಯಲ್ಲಿ ಒರತೆ, ಮೇಲೆ ಮಳೆ; ಬೆಳಗಾದರೆ ಪಂಪು, ಸಂಜೆಯಾದರೆ ಪಂಪು. ನಾಲ್ಕು ವರ್ಷದ ಮೇಲೆ ಮಾರುಕಟ್ಟೆ ಚೇತರಿಸಿತೆಂದು ಕಂಪನಿ ಬಂದು ಇನ್ನೊಮ್ಮೆ ಭೂಮಿಪೂಜೆ ಮಾಡಿತು, ಪ್ರಸಾದ ಅರಗುವ ಮೊದಲೇ ಮಾರುಕಟ್ಟೆ ಬಿತ್ತೆಂದು ಹೊರಟುಹೋಯಿತು. ಅವನಿಗೆ ರೇಗುತ್ತಿತ್ತು, ಆದರೆ ರೇಗುವುದಾದರೂ ಯಾರ ಮೇಲೆ? ಹನ್ನೆರಡನೆಯ ವರ್ಷ ಮೂರನೆಯ ಪೂಜೆ. ತಿಂಗಳೊಳಗೆ ಮಹಾಮಾರಿ ಬಂದು ನೌಕರರೆಲ್ಲ ಮನೆಯಲ್ಲೇ ಕೂತು ಕೆಲಸ ಮಾಡತೊಡಗಿದರು. ಆಫೀಸೇ ಯಾರಿಗೂ ಬೇಡವಾಯಿತು. ಆಗ ಅವನ ಹೆಂಡತಿ ಪಾಪಮ್ಮ ಹೇಳಿದಳು:

"ಸಾಕು ಬಿಡು. ನೀರಿಗಾದ್ರೂ ಒಂದು ಜಾಗ ಸಿಗ್ಲಿ."

ಅವನು ಪಂಪು ನಿಲ್ಲಿಸಿದ. ಎರಡು ಮಳೆಗಾಲಕ್ಕೆ ಗುಂಡಿ ತುಂಬಿತು, ಕೊಕ್ಕರೆಗಳು ಬಂದವು, ಸರ್ವೆಯವರು ಬಂದು ನಕ್ಷೆಯಲ್ಲಿ ಕೆರೆಯೆಂದು ಬರೆದುಕೊಂಡರು. ಮರುವರ್ಷವೇ ಮಾರುಕಟ್ಟೆ ಎದ್ದಿತು. ಸುತ್ತಲೂ ನಾ ಮುಂದು ತಾ ಮುಂದೆಂದು ಆಫೀಸುಗಳು ಎದ್ದವು. ಪಟಾಲಪ್ಪನ ಕಂಪನಿಯೂ ಓಡಿ ಬಂತು. ಕೆರೆಯಲ್ಲಿ ಕಟ್ಟುವಂತಿಲ್ಲವೆಂದು ಅಧಿಕಾರಿಗಳು ಹಿಂದಕ್ಕೆ ಕಳಿಸಿದರು. ಇನ್ನೆರಡು ಮೂರು ವರ್ಷ ತಡೆದಿದ್ದರೆ ಕ್ಯಾಂಟೀನು ತನ್ನದಾಗುತ್ತಿತ್ತೆಂದು ಅವನ ಹೊಟ್ಟೆ ಉರಿದುಹೋಯಿತು. ಬಡಾವಣೆಯ ಹಿರಿಯರು ಅವನನ್ನು ದಡಕ್ಕೆ ಕರೆಸಿ, ಕೆರೆ ಕೊಟ್ಟ ದಾನಿಯೆಂದು ಶಾಲು ಹೊದಿಸಿದರು.

"ನಾನು ಕೊಟ್ಟೋನಲ್ಲ ಸ್ವಾಮಿ," ಎಂದ ಪಟಾಲಪ್ಪ. "ಹನ್ನೆರಡು ವರ್ಷ ಈ ನೀರನ್ನ ಎತ್ತಿ ಆಚೆಗೆ ಸುರಿದೋನು."

ಎಂಥ ವಿನಯ ಎಂದು ಹಿರಿಯರು ಚಪ್ಪಾಳೆ ತಟ್ಟಿದರು. ಅವನು ಶಾಲು ಮಡಿಸಿ ಕಂಕುಳಲ್ಲಿಟ್ಟುಕೊಂಡು ಹೋದ, ಮತ್ತೆ ಆ ಕಡೆ ಸುಳಿಯಲಿಲ್ಲ.

ಈಗಲೂ ಹೋದವರಿಗೆ ಮೂಡಣ ದಡದ ಕಟ್ಟೆಯ ಮೇಲೆ ಆ ಹಳೆಯ ಪಂಪು ಕಾಣಸಿಗುತ್ತದೆ. ಅರಿಶಿನ ಕುಂಕುಮ ಬಳಿದಿರುತ್ತಾರೆ, ವಾಯುವಿಹಾರಕ್ಕೆ ಬಂದವರು ಒಂದು ಹೂವಿಟ್ಟು ಕೈಮುಗಿಯುತ್ತಾರೆ. ಈ ಪಂಪಿನಿಂದಲೇ ಪಟಾಲಪ್ಪ ಹನ್ನೆರಡು ವರ್ಷ ನೀರು ಹಾಯಿಸಿ ಕೆರೆ ತುಂಬಿಸಿದನು ಎನ್ನುತ್ತಾರೆ.